ಹನ್ನೊಂದನೆಯ ಊರು

ಒಂದು ಊರು ಬದುಕಲು ಯೋಗ್ಯವೋ ಅಲ್ಲವೋ ಎಂದು ತಿಳಿಯಲು ಮೋಹನದಾಸರಿಗೆ ಬೇಕಾದದ್ದು ಮೂರೇ ಸಾಮಾನು: ಒಂದು ಹಿಡಿ ತೊಗರಿಬೇಳೆ, ಆ ಊರಿನ ನಲ್ಲಿಯ ನೀರು, ಮುಚ್ಚಳವಿಲ್ಲದ ಒಂದು ಪಾತ್ರೆ. ನೀರು ಕುದಿ ಬಂದ ಮೇಲೆ ಬೇಳೆ ಹಾಕಬೇಕು, ಗಡಿಯಾರ ನೋಡಬೇಕು, ಅರ್ಧ ಗಂಟೆಯಾದ ಮೇಲೆ ಎರಡು ಬೆರಳುಗಳ ನಡುವೆ ಹಿಡಿದು ಹಿಸುಕಬೇಕು. ಬೆಣ್ಣೆಯ ಹಾಗೆ ಕರಗಿತೋ, ಆ ಊರಿನಲ್ಲಿ ಹೋಟೆಲ್ ಇಡಬಹುದು. ಕಾಳು ಕಾಳಾಗಿಯೇ ಉಳಿಯಿತೋ, ಗಂಟುಮೂಟೆ ಕಟ್ಟಿ ಮುಂದಿನ ಬಸ್ಸು ಹತ್ತುವುದು. ಗಡಸು ನೀರಿನ ಊರಿನಲ್ಲಿ ಸಾಂಬಾರು ಸಾಂಬಾರಾಗುವುದಿಲ್ಲ, ಚಹಾಕ್ಕೆ ಬಣ್ಣ ಬರುವುದಿಲ್ಲ, ಗಿರಾಕಿಯ ಮುಖದಲ್ಲಿ ನಗು ಕಾಣುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಹದಿನೇಳನೆಯ ವಯಸ್ಸಿನಲ್ಲಿ ಕರಾವಳಿ ಬಿಟ್ಟು ಹೊರಟಾಗ ಸೋದರಮಾವ ಕಲಿಸಿಕೊಟ್ಟ ವಿದ್ಯೆ ಅದು. ಮೂವತ್ತೆರಡು ವರ್ಷದ ಹಿಂದೆ ಪುಣೆಯ ಹಡಪಸರದಲ್ಲಿ ಹೋಟೆಲ್ ಇಡುವ ಮೊದಲು, ಲಾಡ್ಜಿನ ಕೋಣೆಯಲ್ಲಿ ಮಾಲೀಕನಿಗೆ ಗೊತ್ತಾಗದ ಹಾಗೆ ಸೀಮೆಎಣ್ಣೆ ಸ್ಟವ್ ಹಚ್ಚಿ ಬೇಳೆ ಬೇಯಿಸಿ ನೋಡಿಯೇ ಅವರು ಪುಣೆಯನ್ನು ಪಾಸು ಮಾಡಿದ್ದು.

ಅದೇ ಹೋಟೆಲ್ ಇನ್ನು ನಾಲ್ಕು ತಿಂಗಳಲ್ಲಿ ಇರುವುದಿಲ್ಲ. ಕಟ್ಟಡ ಕೆಡವಿ ಹನ್ನೆರಡು ಮಹಡಿ ಎಬ್ಬಿಸುತ್ತಾರಂತೆ, ದೀಪಾವಳಿಯೊಳಗೆ ಜಾಗ ಬಿಡಬೇಕು. ಬೇರೆ ಕಾಲವಾಗಿದ್ದರೆ ಮೋಹನದಾಸ್ ಪಕ್ಕದ ಗಲ್ಲಿಯಲ್ಲೇ ಇನ್ನೊಂದು ಜಾಗ ಹಿಡಿದು ವಾರದೊಳಗೆ ಇಡ್ಲಿಪಾತ್ರೆ ಒಲೆಯ ಮೇಲಿಡುತ್ತಿದ್ದರು. ಈ ಸಲ ಅವರಿಗೆ ಪುಣೆಯೇ ಬೇಡವಾಗಿತ್ತು. ಕಾರಣ ಅವರ ಹೆಂಡತಿ ಚಿತ್ರಾ. ಎರಡು ವರ್ಷದಿಂದ ಚಿತ್ರಾ ಅವರ ಕಿಡ್ನಿಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಯ ಹತ್ತಿರದ ಕೇಂದ್ರಗಳಲ್ಲಿ ಜಾಗ ಸಿಗದೆ ಯೆರವಡಾದ ಆಚೆಗೆ ಹೋಗಬೇಕಿತ್ತು. ಯಂತ್ರದ ಪಕ್ಕ ನಾಲ್ಕು ಗಂಟೆ, ರಸ್ತೆಯ ಮೇಲೆ ಹೋಗುವುದು ಬರುವುದು ಸೇರಿ ಮೂರು ಗಂಟೆ. ವಾಪಸು ಬರುವಾಗ ರಿಕ್ಷಾದಲ್ಲಿ ಚಿತ್ರಾ ಕಣ್ಣು ಮುಚ್ಚಿ ತಲೆ ವಾಲಿಸಿಕೊಂಡು ಕೂತರೆ, ಮೋಹನದಾಸ್ ಮುಂದಿನ ಲಾರಿಗೆ, ಸಿಗ್ನಲ್ಲಿಗೆ, ಸರಕಾರಕ್ಕೆ, ಆ ದೇವರಿಗೆ, ಒಬ್ಬೊಬ್ಬರಿಗೂ ಬೈಯುತ್ತ ಬರುತ್ತಿದ್ದರು.

"ನಿನ್ನ ರೋಗಕ್ಕಿಂತ ಈ ಟ್ರಾಫಿಕ್ಕೇ ನಿನ್ನನ್ನು ಕೊಲ್ತದೆ, ಬರೆದಿಟ್ಕೊ" ಎಂದು ಒಂದು ದಿನ ಬಾಯಿ ಜಾರಿ ಹೇಳಿ, ಆಮೇಲೆ ರಾತ್ರಿ ಊಟ ಸೇರದೆ ಒದ್ದಾಡಿದರು. ಮರುದಿನವೇ ತೀರ್ಮಾನ ಮಾಡಿದ್ದು. ಒಂದು ಸಣ್ಣ ಪಟ್ಟಣ ಬೇಕು. ಮನೆಯಿಂದ ಹತ್ತು ನಿಮಿಷಕ್ಕೆ ಆಸ್ಪತ್ರೆ ಇರಬೇಕು. ಎಂಟು ಟೇಬಲಿನ ಹೋಟೆಲ್ ಸಾಕು. ಉಳಿದಷ್ಟು ದಿನ ಚಿತ್ರಾ ಆರಾಮವಾಗಿ ಉಸಿರಾಡಬೇಕು.

ಯಾವ ಪಟ್ಟಣ ಎನ್ನುವ ಪ್ರಶ್ನೆ ಬಂದಾಗ ಮಗಳು ಅಪೇಕ್ಷಾ, "ಪಪ್ಪ, ಅದನ್ನು ನನಗೆ ಬಿಡಿ" ಎಂದಳು. ಅವಳಿಗೆ ಇಪ್ಪತ್ತೆಂಟು. ಯೆರವಡಾದ ಗಾಜಿನ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ ಅವಳ ಕೆಲಸವೇ ಅದು: ಕಂಪನಿಗಳು ಯಾವ ಊರಿನಲ್ಲಿ ಶಾಖೆ ತೆರೆದರೆ ಒಳ್ಳೆಯದು ಎಂದು ಸರಕಾರಿ ಅಂಕಿಅಂಶ ಜಾಲಾಡಿ ಹೇಳುವುದು. ಹದಿನೈದು ದಿನ ಆಫೀಸಿನಿಂದ ಬಂದ ಮೇಲೂ ಲ್ಯಾಪ್‌ಟಾಪ್ ಮುಂದೆ ಕೂತು ಹನ್ನೊಂದು ಪಟ್ಟಣಗಳ ಪಟ್ಟಿ ಮಾಡಿದಳು. ಒಂದು ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳೆಲ್ಲ ಹೋಗಿ ಹೋಟೆಲ್ ಖಾಲಿಯಾದ ಹೊತ್ತಿಗೆ, ಅದನ್ನು ಟೇಬಲಿನ ಮೇಲೆ ಹರಡಿದಳು. ಎರಡು ಟೇಬಲ್ ಕೂಡಿಸಬೇಕಾಯಿತು, ಅಷ್ಟು ಉದ್ದದ ಹಾಳೆ.

ಮೋಹನದಾಸ್ ಕನ್ನಡಕ ಏರಿಸಿಕೊಂಡು ಓದಿದರು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಎಷ್ಟು ಮಂದಿಗೆ ಒಬ್ಬ ಡಾಕ್ಟರು, ಎಷ್ಟು ಕಳ್ಳತನ, ಎಷ್ಟು ಬೀದಿದೀಪ.

"ನಾಯಿ ಕಚ್ಚಿದ ಲೆಕ್ಕವೂ ಉಂಟಾ ಮಾರಾಯ್ತಿ!"

"ಎಲ್ಲ ಸರಕಾರ ಹಾಕಿದ್ದೇ ಪಪ್ಪ. ನಾನು ಒಂದನ್ನೂ ಕೈಯಾರೆ ಸೇರಿಸಿಲ್ಲ."

"ಕಚ್ಚಿಸಿಕೊಂಡವನು ಕಂಪ್ಲೇಂಟ್ ಕೊಟ್ರೆ ಲೆಕ್ಕ. ಸುಮ್ಮನೆ ಅರಿಶಿನ ಹಚ್ಚಿಕೊಂಡು ಮಲಗಿದ್ರೆ?"

ಅಪೇಕ್ಷಾ ಪಟ್ಟಿಯ ತುದಿಗೆ ಬೆರಳಿಟ್ಟಳು. ಮೊದಲನೆಯ ಊರು ದೇವಪುರಿ, ಕೊನೆಯದು ಹೊನ್ನಳಗಿ. ಬೇರೆ ವಿಷಯಗಳಲ್ಲಿ ಇವೆರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಡಯಾಲಿಸಿಸ್ ಯಂತ್ರ ದೇವಪುರಿಯಲ್ಲಿ ನಾಲ್ಕು, ಹೊನ್ನಳಗಿಯಲ್ಲಿ ಆರು. ಎರಡನ್ನೂ ಬೇರೆ ಮಾಡಿದ್ದು ಒಂದೇ ಒಂದು ಸಾಲು. ದೇವಪುರಿಯಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸಾಯುವವರು ಇಬ್ಬರು. ಹೊನ್ನಳಗಿಯಲ್ಲಿ ಹದಿನೇಳು.

"ಅಮ್ಮನನ್ನು ಕರ್ಕೊಂಡು ಹೋಗೋ ಊರು ಪಪ್ಪ. ಈ ಸಾಲಿಗೆ ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಟ್ಟಿದ್ದೇನೆ" ಎಂದಳು.

ಕೌಂಟರಿನ ಹಿಂದೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಚಿತ್ರಾ ತಲೆ ಎತ್ತಿ ನೋಡಿದರು, ಮತ್ತೆ ಸೊಪ್ಪಿನ ಕಡೆ ತಿರುಗಿದರು.

ಮೋಹನದಾಸರ ಮುಖ ಮಾತ್ರ ದೇವಪುರಿ ಎನ್ನುವ ಹೆಸರು ಕಂಡದ್ದೇ ಅರಳಿತು. ಅವರ ಅಣ್ಣ ಇಪ್ಪತ್ತೆರಡು ವರ್ಷ ಹೋಟೆಲ್ ನಡೆಸಿದ ಊರು ಅದು. ಅಣ್ಣ ತೀರಿಕೊಂಡು ನಾಲ್ಕು ವರ್ಷ. ಅತ್ತಿಗೆ ಮಂಗಳೂರಿನ ಮಗಳ ಮನೆ ಸೇರಿದ್ದರು. ಹೋಟೆಲಿನ ಬಾಗಿಲು ಅಂದು ಹಾಕಿದ್ದು ಇನ್ನೂ ಹಾಗೇ ಇತ್ತು. ಅಣ್ಣನ ಹೆಂಚು, ಅಣ್ಣನ ರುಬ್ಬುವ ಯಂತ್ರ, ಗೋಡೆಯ ಮೇಲೆ ಅಣ್ಣ ತೂಗುಹಾಕಿದ್ದ ದೇವಿಯ ಪಟ. ಅಲ್ಲಿ ಮತ್ತೆ ಒಲೆ ಹಚ್ಚುವುದೆಂದರೆ ಅವರಿಗೆ ಎದೆ ತುಂಬಿ ಬರುವ ಸಂಗತಿ. ಆದರೂ ಮೋಹನದಾಸ್ ಎಂದರೆ ಮೋಹನದಾಸ್. ಕಾಗದದ ಮೇಲೆ ಊರು ಆರಿಸುವುದೆಂದರೆ ಫೋಟೋ ನೋಡಿ ಉಪ್ಪು ಹೇಳಿದ ಹಾಗೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು.

ಅದಕ್ಕೆ ಸರಿಯಾಗಿ ಮರುದಿನ ಮಾರ್ಕೆಟ್ ಯಾರ್ಡ್‌ನಲ್ಲಿ ಗುರಣ್ಣ ಸಿಕ್ಕ. ಇಪ್ಪತ್ತು ವರ್ಷದಿಂದ ಇವರ ಹೋಟೆಲಿಗೆ ಬೇಳೆ ಕೊಡುವ ವ್ಯಾಪಾರಿ. ಅವನ ಸ್ವಂತ ಊರು ಅದೇ ಹೊನ್ನಳಗಿ. ವಾರದಲ್ಲಿ ನಾಲ್ಕು ದಿನ ಪುಣೆ, ಮೂರು ದಿನ ಊರು. ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನ ಎಂದು ಕೇಳಿದ್ದೇ ತಡ, ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಮಾತಾಡ್ತೀರಿ ಅಣ್ಣಾರ! ನಮ್ಮೂರಾಗ ಮಂದಿ ಹಂಗ ನೊಣ ಸತ್ತಂಗ ಸಾಯ್ತಾರೇನ್ರಿ? ನಮ್ಮವ್ವಗ ತೊಂಬತ್ತಾತು, ಇನ್ನೂ ಜೋಳದ ರೊಟ್ಟಿ ಕಡೀತಾಳ. ದವಾಖಾನಿ ಭಾಳ ಛಲೋ ಅದ್ರಿ. ನಮ್ಮ ಮನಿಯಿಂದ ನಡಕೊಂಡ ಹೋಗಬಹುದು."

"ನೀರು ಹೇಗುಂಟು?"

"ನೀರಿಗೇನ್ ಧಾಡಿ? ತರಸ್ತೀನಿ, ನೀವ ನೋಡ್ರಿ."

ಹೇಳಿದ ಹಾಗೇ ಗುರುವಾರ ಬೇಳೆ ಲಾರಿಯಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ಬಂತು. ಹೊನ್ನಳಗಿಯ ನೀರು, ಮುಚ್ಚಳಕ್ಕೆ ಕುಂಕುಮ ಬೇರೆ ಹಚ್ಚಿತ್ತು. ಮೋಹನದಾಸ್ ಅದನ್ನು ತಾವೇ ಹೊತ್ತು ಅಡುಗೆಮನೆಗೆ ತಂದರು. ಹದಿನೆಂಟು ವರ್ಷದಿಂದ ಅವರ ಜೊತೆಗಿರುವ ಅಡುಗೆಯ ಅಪ್ಪಿ, ಪಾತ್ರೆ ತೊಳೆದು ಒಲೆಯ ಮೇಲಿಟ್ಟ. ಕುದಿ ಬಂತು, ಬೇಳೆ ಬಿತ್ತು. ಇಪ್ಪತ್ತೆರಡು ನಿಮಿಷಕ್ಕೆ ಮೋಹನದಾಸ್ ಸೌಟಿನಲ್ಲಿ ಎತ್ತಿ ಹಿಸುಕಿದರು. ಬೇಳೆ ಬೆರಳಿನ ನಡುವೆ ಇತ್ತೋ ಇಲ್ಲವೋ ಗೊತ್ತಾಗದ ಹಾಗೆ ಕರಗಿತ್ತು.

"ಅಪ್ಪಿ, ಇಂಥ ನೀರು ನಾನು ಜನ್ಮದಲ್ಲಿ ನೋಡ್ಲಿಲ್ಲ ಮಾರಾಯ!"

ಆ ಸಂಜೆ ಮನೆಯಲ್ಲಿ ಅಪ್ಪ ಮಗಳಿಗೆ ಜಗಳ ಹತ್ತಿತು. ಅಪ್ಪ ಬೇಳೆಯ ಬಟ್ಟಲು ಹಿಡಿದು ನಿಂತಿದ್ದರು, ಮಗಳು ಪಟ್ಟಿ ಹಿಡಿದು.

"ಒಂದು ಕ್ಯಾನ್ ನೀರಿನಿಂದ ಊರನ್ನು ಅಳೀತೀರಾ ಪಪ್ಪ? ಸಾವಿರಕ್ಕೆ ಹದಿನೇಳು! ಅಲ್ಲಿ ಏನೋ ಇದೆ. ನೀರಿನಲ್ಲೋ, ಆಸ್ಪತ್ರೆಯಲ್ಲೋ, ಏನೋ ಒಂದು ಸರಿಯಿಲ್ಲ. ಅಮ್ಮನನ್ನು ಅಲ್ಲಿಗೆ ಕಳಿಸೋಕೆ ನಾನು ಬಿಡಲ್ಲ."

"ನೀನು ನೋಡಿದ್ದೀಯಾ ಆ ಊರು?"

"ನೀವು ನೋಡಿದ್ದೀರಾ?"

ಇಬ್ಬರೂ ನೋಡಿರಲಿಲ್ಲ. ಚಿತ್ರಾ ಅವತ್ತು ಡಯಾಲಿಸಿಸ್ ಮುಗಿಸಿ ಬಂದಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದವರು, "ಜಗಳ ಮಾಡುವುದಾದ್ರೆ ಫ್ಯಾನ್ ಜೋರು ಮಾಡಿ ಹೋಗಿ" ಎಂದರು.

ಮಗಳ ಬಾಯಿ ಮುಚ್ಚಿಸಬೇಕೆಂದು ಮೋಹನದಾಸ್ ಬೆಳಿಗ್ಗೆ ಗುರಣ್ಣನ ಮನೆಗೇ ಫೋನು ಮಾಡಿದರು, ಸ್ಪೀಕರ್ ಹಾಕಿ, ಅಪೇಕ್ಷಾ ಕೇಳಲಿ ಎಂದು. ಎತ್ತಿದ್ದು ಗುರಣ್ಣನ ಹೆಂಡತಿ ತಿಪ್ಪವ್ವ.

"ತಿಪ್ಪವ್ವ, ನೀವು ಕಳಿಸಿದ ನೀರಿನಲ್ಲಿ ಬೇಳೆ ಇಪ್ಪತ್ತೆರಡೇ ನಿಮಿಷಕ್ಕೆ ಬೆಂತು. ನಿಮ್ಮೂರ ನಲ್ಲಿಯ ನೀರು ಅಮೃತ, ಅಮೃತ!"

ಆ ಕಡೆಯಿಂದ ಒಂದು ನಗು ಕೇಳಿಸಿತು. "ಅಯ್ಯ ಅಣ್ಣಾರ, ಮಂದಿ ಮನಿಗಿ ಯಾರರ ನಲ್ಲಿ ನೀರು ಕಳಸ್ತಾರೇನ್ರಿ? ಅದು ಭಾಳ ಸವುಳು ನೀರು. ನಾ ಫಿಲ್ಟರ್ ನೀರ ತುಂಬಿ ಕಳಿಸೀನಿ. ಒಂದೊಂದ ಕೊಡ ತುಂಬಾಕ ಎಷ್ಟೊತ್ತ ಆತಂದ್ರಿ! ಮನ್ಯಾಗ ಬೀಗರು ತುಂಬ್ಯಾರ, ಎಲ್ಲಾರೂ ದವಾಖಾನಿಗೆ ಬಂದವರ. ನಮ್ಮ ಓಣ್ಯಾಗ ದವಾಖಾನಿ ಮಂದಿ ಇಳಕೊಳ್ಳಲಾರದ ಮನಿನ ಇಲ್ಲ. ಆದ್ರೂ ನಿಮ್ಮ ನೀರಿಗೆ ಕಡಿಮಿ ಮಾಡಿಲ್ಲ ನೋಡ್ರಿ."

ಪಾಪ, ಅತಿಥಿ ಸತ್ಕಾರ. ಅವಳ ತಪ್ಪೇನೂ ಇಲ್ಲ. ಆದರೆ ಮೋಹನದಾಸರ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಫೋನಿಟ್ಟ ಮೇಲೆ ಅಪೇಕ್ಷಾ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ನಕ್ಕಿದ್ದರೆ ಬೈದಾದರೂ ಬಿಡಬಹುದಿತ್ತು.

"ಆಯ್ತು. ನಿನ್ನ ಪಟ್ಟಿಯೇ ಸರಿ. ಅಣ್ಣನ ಊರಿಗೇ ಹೋಗುವ" ಎಂದು ಹೇಳಿ ಅಂಗಿ ಹಾಕಿಕೊಂಡು ಹೋಟೆಲಿಗೆ ನಡೆದರು.

ಒಮ್ಮೆ ಸೋಲೊಪ್ಪಿಕೊಂಡ ಮೇಲೆ ಮೋಹನದಾಸ್ ತಡಮಾಡುವವರಲ್ಲ. ಆ ವಾರವೇ ದೇವಪುರಿಯಲ್ಲಿ ಅಣ್ಣನ ಹೋಟೆಲಿದ್ದ ಅಂಗಡಿಯ ಮಾಲೀಕನೊಂದಿಗೆ ಮಾತಾಡಿದರು. ಅವನು ಸಂತೋಷದಿಂದ ಒಪ್ಪಿದ, ಭಾನುವಾರ ಬಂದು ಕರಾರಿಗೆ ಸಹಿ ಹಾಕಿ ಎಂದ. ಅಪ್ಪಿಗೆ ಅಣ್ಣನ ಹೆಂಚಿನ ಬಗ್ಗೆ, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಬರುವ ಗಿರಾಕಿಗಳ ಬಗ್ಗೆ ಹೇಳಿದ್ದೇ ಹೇಳಿದ್ದು. ಚಿತ್ರಾ ಅವರಿಗೂ ಹೇಳಿದರು. ಚಿತ್ರಾ "ಹೂಂ, ಒಳ್ಳೆದಾಯ್ತು" ಎಂದರು. ಹೋಟೆಲಿನ ಪರವಾನಗಿ ಇನ್ನೂ ಅಣ್ಣನ ಹೆಸರಿನಲ್ಲೇ ಇತ್ತು. ಅದನ್ನು ಬದಲಿಸಲು ಏನು ಬೇಕೆಂದು ಶನಿವಾರ ಅಲ್ಲಿನ ನಗರಸಭೆಗೆ ಫೋನು ಮಾಡಿದಾಗ ಗುಮಾಸ್ತ ಮರಾಠಿಯಲ್ಲಿ, "ಮೃತ್ಯು ದಾಖಲಾ ಪಾಹಿಜೆ" ಎಂದ. ಮರಣ ಪ್ರಮಾಣಪತ್ರ ಬೇಕು.

"ತುಮ್ಚ್ಯಾ ಆಫೀಸಾತಚ್ ಅಸೇಲ್ ನಾ?" ನಿಮ್ಮ ಆಫೀಸಿನಲ್ಲೇ ಇರುತ್ತದಲ್ಲ ಎಂದರು ಮೋಹನದಾಸ್.

ಗುಮಾಸ್ತ ಹುಡುಕಿದ. ಎರಡು ಸಲ ಹುಡುಕಿದ. ಆ ಹೆಸರಿನವರು ಯಾರೂ ಇಲ್ಲಿ ಸತ್ತಿಲ್ಲ ಎಂದ.

ಇಪ್ಪತ್ತೆರಡು ವರ್ಷ ಆ ಊರಿಗೆ ಇಡ್ಲಿ ತಿನ್ನಿಸಿದ ಮನುಷ್ಯ ಸತ್ತೇ ಇಲ್ಲವಂತೆ! ಮೋಹನದಾಸ್ ಆ ಗುಮಾಸ್ತನ ವಂಶವನ್ನೇ ಜಾಲಾಡುತ್ತ ಮನೆಗೆ ಬಂದು ಕಪಾಟು ತೆರೆದರು. ಅಣ್ಣನ ಕಾಗದಗಳ ಕಟ್ಟಿನಲ್ಲಿ ಪ್ರಮಾಣಪತ್ರ ಸಿಕ್ಕಿತು. ಬೈಗುಳ ಅರ್ಧಕ್ಕೇ ನಿಂತಿತು.

ಮೇಲೆ ಪುಣೆ ಮಹಾನಗರಪಾಲಿಕೆಯ ಹೆಸರಿತ್ತು. ಮರಣದ ಸ್ಥಳ, ಪುಣೆ. ವಿಳಾಸ, ದೇವಪುರಿ.

ಎಲ್ಲ ಒಂದೊಂದಾಗಿ ನೆನಪಾಯಿತು. ಅಣ್ಣನಿಗೆ ಎದೆನೋವು ಬಂದ ದಿನ ದೇವಪುರಿಯಿಂದ ಫೋನು ಬಂದದ್ದು. ಇಲ್ಲಿ ಹೃದಯದ ಡಾಕ್ಟರಿಲ್ಲ ಎಂದು ಅತ್ತಿಗೆ ಅತ್ತದ್ದು. ಕೂಡಲೇ ಪುಣೆಗೆ ತನ್ನಿ ಎಂದು ಮೋಹನದಾಸ್ ತಾವೇ ಕೂಗಿ ಹೇಳಿದ್ದು. ನಾಲ್ಕು ಗಂಟೆಯ ದಾರಿ ಆಂಬುಲೆನ್ಸ್‌ನಲ್ಲಿ ಬಂದು, ಇಲ್ಲಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಅಣ್ಣ ಹೋದದ್ದು. ಈ ಕಾಗದವನ್ನು ಪಾಲಿಕೆಯ ಕಿಟಕಿಯ ಮುಂದೆ ಸಾಲು ನಿಂತು ತಂದವರೂ ಮೋಹನದಾಸರೇ. ಅದು ಅಣ್ಣನ ಹಣೆಬರಹ ಎಂದುಕೊಂಡು ಕಟ್ಟಿನಲ್ಲಿ ಇಟ್ಟುಬಿಟ್ಟಿದ್ದರು. ಇಷ್ಟು ದಿನ ಅದನ್ನು ಆ ಊರಿನ ಮೇಲೆ ಹೊರಿಸಿ ನೋಡಿರಲಿಲ್ಲ.

"ಅಪೇಕ್ಷಾ" ಎಂದು ಕರೆದರು. ಅವಳು ಒಳಗಿನಿಂದ ಬಂದಳು. "ದೇವಪುರಿಯಲ್ಲಿ ಸಾವಿರಕ್ಕೆ ಇಬ್ಬರು ಅಂತ ಹೇಳಿದೆಯಲ್ಲ. ಆ ಇಬ್ಬರಲ್ಲಿ ನಿನ್ನ ದೊಡ್ಡಪ್ಪ ಇದ್ದಾನಾ?"

ಅವಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅಪ್ಪ ಕಾಗದವನ್ನು ಕೈಗೆ ಕೊಟ್ಟರು. ಓದಿದಳು. ಮರಣದ ಸ್ಥಳದ ಸಾಲನ್ನು ಮತ್ತೊಮ್ಮೆ ಓದಿದಳು.

"ಇಲ್ಲ ಪಪ್ಪ" ಎಂದಳು. "ಸಾವನ್ನು ಬರೆಯೋದು ಸತ್ತ ಊರಲ್ಲಿ. ಬದುಕಿದ್ದ ಊರಲ್ಲಿ ಅಲ್ಲ."

"ಅಂದ್ರೆ?"

"ಅಂದ್ರೆ ದೇವಪುರಿಯಲ್ಲಿ ಯಾರಿಗಾದ್ರೂ ಕಾಯಿಲೆ ಜೋರಾದರೆ ಬೇರೆ ಕಡೆ ಒಯ್ತಾರೆ. ಆ ಸಾವು ಬೇರೆ ಊರಿನ ಲೆಕ್ಕಕ್ಕೆ ಹೋಗತ್ತೆ. ಹೊನ್ನಳಗಿಯಲ್ಲಿ ಒಳ್ಳೆ ಆಸ್ಪತ್ರೆ ಇರೋದರಿಂದ ಸುತ್ತಲಿನವರೆಲ್ಲ ಅಲ್ಲಿಗೆ ಬರ್ತಾರೆ. ಅಲ್ಲೇ ಸಾಯ್ತಾರೆ. ತಿಪ್ಪವ್ವ ಹೇಳಿದರಲ್ಲ, ಮನೆ ತುಂಬ ಆಸ್ಪತ್ರೆಗೆ ಬಂದವರು ಅಂತ. ನಾನೂ ಕೇಳಿಸಿಕೊಂಡೆ. ನೀರಿನ ವಿಷಯದಲ್ಲಿ ಗೆದ್ದೆ ಅನ್ನೋದರಲ್ಲೇ ಇದ್ದೆ." ಅವಳು ಕುರ್ಚಿಯಲ್ಲಿ ಕುಸಿದು ಕೂತಳು. "ಆಫೀಸಿನಲ್ಲಿ ಇಂಥ ಅಂಕಿ ಬಂದರೆ ನಾನು ಮೊದಲು ಅನುಮಾನ ಪಡ್ತೇನೆ ಪಪ್ಪ. ಸಾವಿರಕ್ಕೆ ಇಬ್ಬರು ಅಂತ ಎಲ್ಲಾದರೂ ಇರತ್ತಾ? ಆದರೆ ಇದು ಅಮ್ಮನ ವಿಷಯ. ಹದಿನೇಳು ಅಂತ ಓದಿದ ಕೂಡಲೇ ಹೆದರಿಬಿಟ್ಟೆ. ಆಮೇಲೆ ತಲೆಯೇ ಓಡಲಿಲ್ಲ."

ಮೋಹನದಾಸರಿಗೆ ಬೈಯಲು ಬಾಯಿ ಬರಲಿಲ್ಲ. ಅವರೂ ಹೆದರಿದ್ದವರೇ. ಬೇಳೆ ಬೇಯಿಸಿದ್ದೂ ಹೆದರಿಕೆಯಿಂದಲೇ.

"ಆದ್ರೂ ನಾಲ್ಕು ಯಂತ್ರ ಉಂಟಲ್ಲ ಅಲ್ಲಿ" ಎಂದರು ಕೊನೆಗೆ, ಅಣ್ಣನ ಹೋಟೆಲನ್ನು ಕೈಬಿಡಲಾರದೆ. "ಡಾಕ್ಟರು ಇಲ್ಲದಿದ್ರೂ ಡಯಾಲಿಸಿಸ್ ಆದ್ರೂ..."

"ಯಂತ್ರ ಉಂಟು. ಬಟ್ಟೆ ಮುಚ್ಚಿಟ್ಟಿದ್ದಾರೆ."

ಹೇಳಿದ್ದು ಚಿತ್ರಾ. ಬಾಗಿಲಿಗೆ ಒರಗಿ ನಿಂತಿದ್ದರು.

"ನಡೆಸುವವನು ಕೆಲಸ ಬಿಟ್ಟು ಒಂದು ವರ್ಷ ಆಯ್ತಂತೆ. ನನ್ನ ಪಕ್ಕದ ಹಾಸಿಗೆಯ ಸಾವಿತ್ರಿಬಾಯಿ ದೇವಪುರಿಯವಳೇ. ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಪುಣೆಗೆ ಬರ್ತಾಳೆ. ಬೆಳಗಿನ ಮೂರು ಗಂಟೆಗೆ ಬಾಡಿಗೆ ಜೀಪು ಹತ್ತಿ ಮನೆ ಬಿಡ್ತಾಳಂತೆ. ಮೂರು ಸಲ ಬರ್ಬೇಕು, ಆದ್ರೆ ಅವಳ ಕೈಲಿ ಆಗುವುದಿಲ್ಲ."

ಮೋಹನದಾಸ್ ಹೆಂಡತಿಯ ಕಡೆ ತಿರುಗಿದರು. "ನಿಂಗೆ ಯಾವಾಗ ಗೊತ್ತಾಯ್ತು?"

"ಒಂದು ತಿಂಗಳಾಯ್ತು."

"ಒಂದು ತಿಂಗಳು! ನಾವಿಲ್ಲಿ ಬೇಳೆ ಬೇಯಿಸಿ, ಪಟ್ಟಿ ಮಾಡಿ, ಹೊಡೆದಾಡಿಕೊಂಡು ಸಾಯ್ತಾ ಇದ್ದೇವೆ. ನಾಳೆ ಸಹಿ ಹಾಕಲಿಕ್ಕೆ ಹೊರಟಿದ್ದೆ ನಾನು! ನಿನ್ನ ಬಾಯಿಗೆ ಏನಾಗಿತ್ತು? ಹೇಳ್ಬಾರದಿತ್ತಾ?"

"ಕೂಗ್ಬೇಡಿ. ನೀವು ಕೇಳ್ಲಿಲ್ಲ" ಎಂದರು ಚಿತ್ರಾ. ಆಮೇಲೆ ಅದೊಂದೇ ಉತ್ತರವಲ್ಲವೆಂದು ಅವರಿಗೇ ಅನ್ನಿಸಿರಬೇಕು. ನಿಧಾನಕ್ಕೆ ಬಂದು ಮಂಚದ ಅಂಚಿನಲ್ಲಿ ಕೂತರು. "ದೇವಪುರಿ ಅಂತ ಓದಿದಾಗ ನಿಮ್ಮ ಮುಖ ನೋಡಿದೆ. ಭಾವ ಹೋದ ಮೇಲೆ ನೀವು ಹಾಗೆ ನಗುವುದು ನೋಡಿರಲಿಲ್ಲ. ಇವಳು ಹದಿನೈದು ದಿನ ನಿದ್ದೆಗೆಟ್ಟು ಮಾಡಿದ್ಲು. ನಾನು ಎಷ್ಟು ವರ್ಷ ಇರ್ತೇನೆ ಹೇಳಿ? ಎರಡು, ಮೂರು. ಆಮೇಲೆ ಆ ಊರಲ್ಲಿ ಇರ್ಬೇಕಾದವರು ನೀವು. ನಿಮಗೆ ಇಷ್ಟದ ಊರಾದ್ರೆ ಸಾಕು. ನಾನು ಸಾವಿತ್ರಿಬಾಯಿ ಜೊತೆಗೆ ಜೀಪಿನಲ್ಲಿ ಬಂದು ಹೋಗಿ ಮಾಡ್ತಿದ್ದೆ."

ಮೋಹನದಾಸ್ ನಿಂತಲ್ಲಿಂದ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅರವತ್ತರ ಹತ್ತಿರದ ಗಂಡಸು, ಪೊಲೀಸರಿಗೂ ಪುಢಾರಿಗಳಿಗೂ ಬಗ್ಗದೆ ಮೂವತ್ತೆರಡು ವರ್ಷ ಹೋಟೆಲ್ ನಡೆಸಿದವರು, ಅಣ್ಣನ ಮರಣಪತ್ರವನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ಅತ್ತರು. ಅಣ್ಣನಿಗಾಗಿ ಅತ್ತರೋ, ಹೆಂಡತಿಗಾಗಿ ಅತ್ತರೋ ಅವರಿಗೂ ಗೊತ್ತಿರಲಿಲ್ಲ. ಅಪೇಕ್ಷಾ ಅಮ್ಮನ ಕಾಲಿನ ಹತ್ತಿರ ಕೂತು ಅವರ ಮೊಣಕಾಲಿಗೆ ತಲೆಯಿಟ್ಟಳು.

"ನೀನೂ ನಂಗೆ ಫಿಲ್ಟರ್ ನೀರೇ ಕಳಿಸಿದೆಯಲ್ಲ ಮಾರಾಯ್ತಿ" ಎಂದರು ಮೋಹನದಾಸ್, ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ. "ಆ ತಿಪ್ಪವ್ವನಿಗೆ ಮನಸ್ಸಿನಲ್ಲೇ ಬೈದೆ. ನನ್ನ ಮನೆಯಲ್ಲೇ ಒಬ್ಬಳು ಇದ್ದಾಳೆ ಅಂತ ಗೊತ್ತಾಗ್ಲಿಲ್ಲ. ಈಗ ನಲ್ಲಿಯಲ್ಲಿ ಬಂದ ಹಾಗೆ ಹೇಳು. ನಿಂಗೆ ಎಂತ ಬೇಕು?"

ಈ ಪ್ರಶ್ನೆಗೆ ಚಿತ್ರಾ ತಯಾರಾಗಿರಲಿಲ್ಲ.

"ನಂಗೆ ಇನ್ನೂ ಇರ್ಬೇಕು ಅಂತ ಉಂಟು" ಎಂದರು. "ಎರಡು ಮೂರು ವರ್ಷ ಅಂತ ಹೇಳಿದ್ದು ಸುಳ್ಳು. ನಂಗೆ ಹತ್ತು ವರ್ಷ ಬೇಕು. ಡಯಾಲಿಸಿಸ್ ಮುಗಿದ ಹತ್ತು ನಿಮಿಷಕ್ಕೆ ನನ್ನ ಹಾಸಿಗೆಯಲ್ಲಿ ಮಲಗ್ಬೇಕು. ಆಂಬುಲೆನ್ಸಲ್ಲಿ ನಾಲ್ಕು ಗಂಟೆ ಬೇಡ. ಭಾವನನ್ನು ಇಳಿಸುವಾಗ ನಾನೂ ಅಲ್ಲೇ ನಿಂತಿದ್ದೆ." ಆಮೇಲೆ ಮಗಳ ತಲೆ ಸವರುತ್ತ ಹೇಳಿದರು, "ಒಂದು ದಿನ ಹೋಗುವುದು ಹೋಗುವುದೇ. ಹೊನ್ನಳಗಿಯಲ್ಲಿ ಹೋದ್ರೆ ನಿನ್ನ ಪಟ್ಟಿಯಲ್ಲಿ ಅವರಿಗೆ ಇನ್ನೊಂದು ಜಾಸ್ತಿ ಆಗ್ತದೆ. ಆಗ್ಲಿ. ನಾನು ಇದ್ದ ಊರಿನವರೇ ನನ್ನ ಹೆಸರು ಬರೆದುಕೊಳ್ತಾರಲ್ಲ."

ಮೋಹನದಾಸ್ ಆ ಸಂಜೆಯೇ ದೇವಪುರಿಯ ಮಾಲೀಕನಿಗೆ ಬರುವುದಿಲ್ಲ ಎಂದು ತಿಳಿಸಿದರು. ಅಣ್ಣನ ದೇವಿಯ ಪಟವನ್ನು ಮಾತ್ರ ಯಾರ ಕೈಲಾದರೂ ಕಳಿಸಿಕೊಡಿ ಎಂದರು.

ಸೋಮವಾರ ಅಪೇಕ್ಷಾ ರಜೆ ಹಾಕಿ ಫೋನು ಹಿಡಿದು ಕೂತಳು. ಹೊನ್ನಳಗಿಯ ನಗರಸಭೆಯಲ್ಲಿ ಜನನ ಮರಣ ಬರೆಯುವವರನ್ನು ಹಿಡಿದು, ಸತ್ತವರಲ್ಲಿ ಊರಿನ ವಿಳಾಸದವರು ಎಷ್ಟು ಎಂದು ಕೇಳಿದಳು. ನಾಲ್ಕರಲ್ಲಿ ಒಬ್ಬರು, ಮಿಕ್ಕವರೆಲ್ಲ ಸುತ್ತಲಿನ ಹಳ್ಳಿಯವರು, ಆಚೆ ಜಿಲ್ಲೆಯವರು ಎಂದು ಉತ್ತರ ಬಂತು. ಡಯಾಲಿಸಿಸ್ ವಿಭಾಗದವರು ಬೆಳಗಿನ ಪಾಳಿಯಲ್ಲಿ ಎರಡು ಜಾಗ ಖಾಲಿ ಇದೆ ಎಂದರು. ಆದರೂ ಚಿತ್ರಾ ನಂಬಲಿಲ್ಲ. ಭಾನುವಾರ ತಾವೇ ಹೋಗಿ ಹಾಸಿಗೆಯ ಮೇಲಿರುವವರನ್ನು ಕೇಳುತ್ತೇನೆ, ಆಫೀಸಿನವರನ್ನಲ್ಲ ಎಂದರು.

ಶುಕ್ರವಾರ ಗುರಣ್ಣ ತಾನೇ ಕ್ಯಾನ್ ಹೊತ್ತು ಹೋಟೆಲಿಗೆ ಬಂದ. ಕುಂಕುಮ ಇರಲಿಲ್ಲ.

"ನಲ್ಲಿದ ನೀರ್ರಿ ಅಣ್ಣಾರ. ನಮ್ಮಾಕಿ ಕಳಸಾಕ ಒಲ್ಲೆ ಅಂತಿದ್ಲು. ಮಂದ್ಯಾಗ ಮರ್ಯಾದಿ ಹೋಗ್ತದ ಅಂತ. ನಾನ ನಿಂತು ತುಂಬೀನಿ."

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅಪ್ಪಿ ಪಾತ್ರೆ ಇಟ್ಟ. ಚಿತ್ರಾ ಅವರಿಗೆ ಒಂದು ಸ್ಟೂಲು ತಂದು ಒಲೆಯ ಪಕ್ಕ ಹಾಕಿದ. ನೀರು ಕುದಿಯಿತು, ಮೋಹನದಾಸ್ ಬೇಳೆ ಹಾಕಿದರು. ಅರ್ಧ ಗಂಟೆಗೆ ಸೌಟಿನಲ್ಲಿ ಎತ್ತಿ ಹಿಸುಕಿದರು. ಕಾಳು ಬೆರಳಿನಿಂದ ಜಿಗಿದು ನೆಲಕ್ಕೆ ಬಿತ್ತು. ಐವತ್ತು ನಿಮಿಷಕ್ಕೆ ಮತ್ತೆ ನೋಡಿದರು. ಹೊರಗೆ ಮೆತ್ತಗಾಗಿತ್ತು, ಒಳಗೆ ಇನ್ನೂ ಗಟ್ಟಿ.

"ಅಣ್ಣ, ಬೇಯುವುದಿಲ್ಲ ಇದು" ಎಂದ ಅಪ್ಪಿ ಮೆಲ್ಲಗೆ.

ಗುರಣ್ಣ ನೆಲ ನೋಡುತ್ತ ನಿಂತಿದ್ದ. ಸೋದರಮಾವನ ಲೆಕ್ಕದ ಪ್ರಕಾರ ಮುಂದಿನ ಬಸ್ಸು ಹತ್ತಬೇಕಾದ ಊರು ಅದು. ನಲವತ್ತು ವರ್ಷದಲ್ಲಿ ಮೋಹನದಾಸ್ ಆ ಲೆಕ್ಕವನ್ನು ಒಮ್ಮೆಯೂ ಮೀರಿರಲಿಲ್ಲ. ಅವರು ಸೌಟು ಹಿಡಿದುಕೊಂಡು ಚಿತ್ರಾ ಅವರ ಮುಖ ನೋಡಿದರು. ಆವಿಗೆ ಅವರ ಹಣೆಯ ಮೇಲೆ ಬೆವರು ಮೂಡಿತ್ತು.

"ಇನ್ನೂ ಹತ್ತು ನಿಮಿಷ ಇಡಿ" ಎಂದರು ಚಿತ್ರಾ. "ನಮಗೆಂತ ಅವಸರ?"

ಮೋಹನದಾಸ್ ಒಲೆಯ ಉರಿ ಸ್ವಲ್ಪ ಸಣ್ಣ ಮಾಡಿ, ಇನ್ನೊಂದು ಸ್ಟೂಲು ಎಳೆದು ಹೆಂಡತಿಯ ಪಕ್ಕದಲ್ಲಿ ಕೂತರು.